ಸುಮ್ಮನಿದ್ದವರ ಒಪ್ಪಿಗೆ

ಬಾಗಿಲು ಎರಡನೆಯ ಸಲ ಬಡಿದಾಗಲೂ ಅನ್ನಪೂರ್ಣಾಳ ಬಲಗೈ ಚೌಕಟ್ಟಿನ ಸಂದಿಯಲ್ಲೇ ಇತ್ತು. ಮೊದಲ ಸಲದ್ದು ಗೊತ್ತಿಲ್ಲದೆ ಆದದ್ದೆಂದು ಅವಳು ಮನಸ್ಸಿಗೆ ಹೇಳಿಕೊಳ್ಳಬಹುದಿತ್ತು. ಎರಡನೆಯ ಸಲ ಸಿದ್ರಾಯ ಅವಳ ಮುಖವನ್ನೇ ನೋಡುತ್ತ ಹೆಗಲು ಕೊಟ್ಟು ನೂಕಿದ. ಹಸಿ ಜೋಳದ ದಂಟು ಮುರಿದ ಹಾಗೆ ಒಳಗೆಲ್ಲೋ ಲಟಕ್ಕೆಂದಿತು. ಕೂಗಬೇಕೆಂದು ಬಾಯಿ ತೆರೆದಳು. ಉಸಿರು ಹೊರಗೆ ಬರಲಿಲ್ಲ.

"ಒತ್ತು ಈಗ. ಯಾವ ಬಟನ್ ಒತ್ತತೀ ಒತ್ತು, ನೋಡೂಣು," ಎಂದ ಗಂಡ.

ಅಂಗಳದ ಹೊರಸಿನ ಮೇಲೆ ಕೂತಿದ್ದ ಅವನ ಅಣ್ಣ ಭೀಮರಾಯ ತಾಟಿನಲ್ಲೇ ಊಟದ ಕೈ ತೊಳೆಯುತ್ತಿದ್ದ. ಸ್ವಲ್ಪ ಮುಂಚೆ ಅವಳ ಕೈಯಿಂದ ಲ್ಯಾಪ್‌ಟಾಪ್ ಕಸಿದುಕೊಂಡು ಎಮ್ಮೆ ನೀರು ಕುಡಿಯುವ ಕಲ್ಲಿನ ಬಾನಿಗೆ ಹಾಕಿದವನು ಅವನೇ. ಎಮ್ಮೆ ಮೂತಿ ಇಳಿಸಿ ಮೂಸಿ, ಬುಸ್ಸೆಂದು ಹಿಂದೆ ಸರಿದಿತ್ತು.

"ಸಾಕ ಬಿಡೋ ತಮ್ಮಾ," ಎಂದ ಭೀಮರಾಯ. "ಹೆಂಗಸರ ಮ್ಯಾಲೆ ಕೈ ಮಾಡಬಾರ್ದು."

"ಕೈ ಎಲ್ಲಿ ಮಾಡೇನಣ್ಣಾ? ಬಾಗಲಾ ಹಾಕೇನಿ."

ಇಬ್ಬರೂ ನಕ್ಕರು. ಸಿದ್ರಾಯ ಬಾಗಿಲು ಸಡಿಲಿಸಿದ. ಅನ್ನಪೂರ್ಣಾ ಗೋಡೆಗುಂಟ ಜಾರಿ ಕೂತಳು. ನಡುವಿನ ಎರಡು ಬೆರಳು ತನ್ನವಲ್ಲ ಎಂಬಂತೆ ಬೇರೊಂದು ದಿಕ್ಕಿಗೆ ತಿರುಗಿ ನಿಂತಿದ್ದವು. ಅವನು ಅವಳ ಮೊಬೈಲನ್ನು ತನ್ನ ಕಿಸೆಗೆ ಹಾಕಿಕೊಂಡು ಮೋಟರ್ ಸೈಕಲ್ ತೆಗೆದ. ಅಣ್ಣ ಹಿಂದೆ ಕೂತ. ಮೂಡಲಗಿಯಲ್ಲಿ ಅವರಿಗಾಗಿ ಮಂದಿ ಕಾಯುತ್ತಿದ್ದರು.

ಇಷ್ಟಕ್ಕೆಲ್ಲ ಕಾರಣ ಊಟದ ಹೊತ್ತಿಗೆ ಬಂದ ಮಾತು. ಅವಳು ರೊಟ್ಟಿ ಬಡಿಸುತ್ತಿದ್ದಾಗ ಭೀಮರಾಯ ಹಿಗ್ಗಿ ಹೇಳಿದ್ದ: "ನಾಳಿ ಮುಂಜಾನಿಂದ ನೀರು ನಮ್ಮ ಮ್ಯಾಲಿನ ಹೊಲದಿಂದ ಸುರು. ಆ್ಯಪ್‌ನಾಗ ಬಂದಬಿಡತೈತಿ. ಅದನ್ನ ಮಾಡಿದಾಕಿ ನಮ್ಮ ಮನ್ಯಾಗ ಇದ್ದೂ ಅಕೀನ್ನ ಕೇಳೂ ಗರಜ ಬೀಳಲಿಲ್ಲ ನೋಡು."

"ಯಾರ ಬದಲ ಮಾಡಿದ್ರ ಭಾವಾರ?"

"ನಿಮ್ಮ ವಿಶಾಲ."

"ಅಂವ ಒಬ್ಬಾಂವ ಮಾಡಾಕ ಬರೂದಿಲ್ರಿ. ಇನ್ನೊಬ್ಬರು ಒಪ್ಪಬೇಕ್ರಿ."

"ಒಪ್ಪೀರಲ್ಲ! ಸುಮ್ಮನ ಕುಂತೀರಿ. ಎಂಟು ದಿನ ಯಾರೂ ಬಾಯಿ ಬಿಡದಿದ್ರ ಒಪ್ಪಿದಂಗ ಅಂತ ನೀನ ಕಾನೂನ ಮಾಡೀಯಂತ. ಇವತ್ತ ಸಂಜಿ ಆರಕ್ಕ ಎಂಟು ದಿನ ತುಂಬತಾವ."

ರೊಟ್ಟಿಯ ಬುಟ್ಟಿ ಅಲ್ಲೇ ಬಿಟ್ಟು ಅವಳು ಲ್ಯಾಪ್‌ಟಾಪ್ ತೆರೆದು ಅದನ್ನು ತಡೆಯಲೆಂದು ಒಳಗೆ ಓಡಿದ್ದಳು.

ಆ ಆ್ಯಪ್‌ನ ಹೆಸರು 'ನಮ್ಮ ಪಾಳಿ'. ಕಾಲುವೆಯ ನೀರು ಯಾವ ದಿನ ಯಾರ ಹೊಲಕ್ಕೆಂದು ಎಲ್ಲರ ಫೋನಿನಲ್ಲೂ ಒಂದೇ ರೀತಿ ತೋರಿಸುವ ಪುಟ್ಟ ತಂತ್ರಾಂಶ. ಅದು ಯಾರ ಸ್ವತ್ತೂ ಅಲ್ಲ. ಅದರ ಒಳಗನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಿ ಕಳಿಸಬಹುದು. ಸದಸ್ಯರು ಒಪ್ಪಿದರೆ ಆ ತಿದ್ದುಪಡಿ ಹೊಸ ಆವೃತ್ತಿಯಾಗಿ ಎಲ್ಲರ ಫೋನಿಗೂ ಬಿಡುಗಡೆಯಾಗುತ್ತದೆ. ಅನ್ನಪೂರ್ಣಾ ಗೋಕಾಕದಲ್ಲಿ ಓದುತ್ತಿದ್ದಾಗ ಅದನ್ನು ಕಟ್ಟಿದ ಗೆಳೆಯರ ಗುಂಪಿನಲ್ಲಿ ವಿಶಾಲ ಎಲ್ಲರಿಗಿಂತ ಮುಂದಿದ್ದ. ಅವಳಿಗೆ ಮಾತ್ರ ಅದು ಓದಿನ ಹುಮ್ಮಸ್ಸಾಗಿರಲಿಲ್ಲ. ತವರೂರು ಘೋಡಗೇರಿಯಲ್ಲಿ ಅವಳ ಅಪ್ಪ ಮಾಲಿಂಗಪ್ಪ ನೀರಿನ ಜಗಳದಲ್ಲಿ ಬಿದ್ದವನು. ಸಲಿಕೆಯ ಏಟು ತಲೆಬುರುಡೆಯನ್ನು ತೆಂಗಿನಕಾಯಿಯಂತೆ ಒಡೆದಿತ್ತು. ಹೊಡೆದವನೂ 'ಪಾಳಿ ನಂದು' ಎಂದೇ ಹೊಡೆದಿದ್ದ. ಅಪ್ಪನೂ 'ಪಾಳಿ ನಂದು' ಎಂದೇ ಸತ್ತಿದ್ದ. ಇಬ್ಬರಲ್ಲಿ ಯಾರದು ಖರೆ ಎಂದು ಊರಿಗೆ ಇವತ್ತಿಗೂ ಗೊತ್ತಿಲ್ಲ.

ಈ ಭಾಗದ ಕಾಲುವೆಗಳಿಗೆ ಹಿರಿಯರು ಮಾಡಿಟ್ಟ ಎರಡು ಪದ್ಧತಿಗಳಿದ್ದವು. ನೀರು ಬಾಲದ ಹೊಲದಿಂದ, ಅಂದರೆ ಕಾಲುವೆಯ ತುದಿಯಲ್ಲಿರುವ ಹೊಲದಿಂದ, ಶುರುವಾಗಬೇಕು. ಯಾಕೆಂದರೆ ಮೇಲಿನವರು ಮೊದಲು ತೆಗೆದುಕೊಂಡರೆ ತುದಿಗೆ ಕೆಸರೂ ಮುಟ್ಟುವುದಿಲ್ಲ. ಎರಡನೆಯದು, ನೀರು ಬಿಡುವವನು ಮತ್ತು ಪಡೆಯುವವನು ಇಬ್ಬರೂ ಒಡ್ಡಿನ ಮೇಲೆ ನಿಂತ ಮೇಲೆಯೇ ತೂಬಿನ ಹಲಗೆ ಎತ್ತಬೇಕು. ಆ ಎರಡನೆಯ ಪದ್ಧತಿಯನ್ನೇ ಗೆಳೆಯರು ಆ್ಯಪ್‌ಗೂ ತಂದಿದ್ದರು: ಬದಲಾವಣೆ ಮಾಡಿದವನ ಜೊತೆ ಇನ್ನೊಬ್ಬ ಸದಸ್ಯ ನೋಡಿ ಒಪ್ಪದೆ ಯಾವ ಆವೃತ್ತಿಯೂ ಬಿಡುಗಡೆಯಾಗಬಾರದು. ಆ್ಯಪ್ ಬಂದ ಮೇಲೆ ಸಲಿಕೆ ಎತ್ತಿದವರೂ ಮೊದಲು ಫೋನು ತೆಗೆದು ನೋಡತೊಡಗಿದರು. ನೋಡುವಷ್ಟು ಹೊತ್ತಿನಲ್ಲಿ ಅರ್ಧ ಸಿಟ್ಟು ಇಳಿಯುತ್ತಿತ್ತು. ಕಾಲುವೆಯ ಗೇಟು ನೋಡಿಕೊಳ್ಳುವ ಹುಡುಗ ಸಾಗರ ಕೂಡ ಫೋನು ತೋರಿಸಿದಂತೆ ಗೇಟು ಎತ್ತುತ್ತಿದ್ದ.

ಆಮೇಲೆ ಒಬ್ಬೊಬ್ಬರಾಗಿ ಸರಿದರು. ಜಗಳವಾಡಿ ಹೋದವರು ಯಾರೂ ಇಲ್ಲ. ಮದುವೆ, ಮಕ್ಕಳು, ಕೆಲಸ. ಇವತ್ತು ನೋಡಿದರಾಯಿತು, ನಾಳೆ ನೋಡಿದರಾಯಿತು ಎನ್ನುತ್ತ ನೋಡುವುದನ್ನೇ ಬಿಟ್ಟರು. ವಿಶಾಲ ಮೂಡಲಗಿಯಲ್ಲಿ ಕಾಲುವೆ ದುರಸ್ತಿಯ ಗುತ್ತಿಗೆ ಹಿಡಿದು, ಭೀಮರಾಯನಂಥ ಮೇಲಿನ ಹೊಲದವರ ಜೊತೆ ಬೆರೆತ. ತಿದ್ದಿ ಕಳಿಸಿದ್ದಕ್ಕೆ 'ಹೂಂ' ಎನ್ನುವವರೂ ಇರಲಿಲ್ಲ, 'ಉಹೂಂ' ಎನ್ನುವವರೂ ಇರಲಿಲ್ಲ. ಕೊನೆಗೆ ಉಳಿದವರು ಅನ್ನಪೂರ್ಣಾ ಮತ್ತು ಹುಕ್ಕೇರಿಯ ಸುಮಯ್ಯಾ. ಓದಲು ಬಾರದವರಿಗೆಂದು ಪಾಳಿಯನ್ನು ದನಿಯಲ್ಲಿ ಹೇಳುವ ಸೌಲಭ್ಯವೊಂದನ್ನು ಸುಮಯ್ಯಾ ಕಷ್ಟಪಟ್ಟು ಮಾಡಿ ಕಳಿಸಿದ್ದಳು. ಅದು ತಿಂಗಳುಗಟ್ಟಲೆ ಹಾಗೇ ಬಿತ್ತು. ಅನ್ನಪೂರ್ಣಾ ಅದನ್ನು ತೆರೆಯಲಿಲ್ಲ. ಕಡೆಗೊಂದು ದಿನ ಸುಮಯ್ಯಾ ಅದನ್ನು ಹಿಂದಕ್ಕೆ ಪಡೆದು, ಏನೂ ಹೇಳದೆ ಸರಿದುಹೋದಳು. ಆ ನಾಚಿಕೆಯಲ್ಲಿ, ಇನ್ನು ಮುಂದೆ ಯಾರ ಕೆಲಸವೂ ಹೀಗೆ ಕೊಳೆಯಬಾರದೆಂದು, ಅನ್ನಪೂರ್ಣಾ ಹೊಸ ನಿಯಮ ಬರೆದಳು: ಎಂಟು ದಿನ ಯಾವ ಸದಸ್ಯರೂ ಬೇಡ ಎನ್ನದಿದ್ದರೆ ಒಪ್ಪಿದಂತೆ, ಬೇಡ ಎನ್ನುವವರು ಕಾರಣ ಬರೆಯಬೇಕು.

ವಿಶಾಲ ಅದಕ್ಕೆ ಹೂಂ ಎಂದ, ಉಳಿದ ಯಾರೂ ಬೇಡ ಎನ್ನಲಿಲ್ಲ. ವಿಶಾಲ ತಿದ್ದಿ ಕಳಿಸಿದ ಮೇಲಿನ ಈ ಎಂಟು ದಿನ ಅವಳೂ ತೆರೆದು ನೋಡಿರಲಿಲ್ಲ.

ಒಲೆಯ ಮುಂದೆ ಕೂತಿದ್ದ ಅತ್ತೆ ಶೆಟ್ಟೆವ್ವ ಇಷ್ಟೆಲ್ಲ ಆಗುವಾಗ ತಲೆ ಎತ್ತಿರಲಿಲ್ಲ. ಮೋಟರ್ ಸೈಕಲ್ಲಿನ ಸದ್ದು ದೂರವಾದ ಮೇಲೆ ಎದ್ದು ಬಂದಳು. ಸೊಸೆಯ ಕೈಯನ್ನು ಹಿಡಿದು ತಿರುಗಿಸಿ ನೋಡಿ, ಅರಿಷಿಣ ಮೆತ್ತಿ, ತನ್ನ ಹಳೆಯ ಸೀರೆಯ ಅಂಚು ಹರಿದು ಬಿಗಿದಳು. ಅನ್ನಪೂರ್ಣಾ ಹಲ್ಲು ಕಚ್ಚಿ ಗೋಡೆಗೆ ತಲೆ ಒತ್ತಿದಳು.

"ಗೋಕಾಕ ದವಾಖಾನಿಗೆ ಹೋಗಿ ಬಾ," ಎಂದಳು ಶೆಟ್ಟೆವ್ವ. "ಮುರದ ಕೈಲೆ ರೊಟ್ಟಿ ಬಡ್ಯಾಕ ಬರೂದಿಲ್ಲ."

"ಅವರು ಕೇಳಿದ್ರ?"

"ದವಾಖಾನಿಗೆ ಅಂತೀನಿ. ಮತ್ತೇನ ಅನ್ಲಿ? ನನಗೇನ ಗೊತ್ತೈತಿ?" ಮುದುಕಿ ಗೋಡೆಯ ಮಾಡದಿಂದ ಆಧಾರ್ ಕಾರ್ಡು ತೆಗೆದು ಅವಳ ಎಡಗೈಗಿಟ್ಟಳು. "ಇದಿಲ್ಲಂದ್ರ ಕಂಡಕ್ಟರ್ ತಿಕೀಟಿನ ರೊಕ್ಕ ಕೇಳ್ತಾನ. ಏಳ. ಬಸ್ಸ ತಪ್ಪತೈತಿ."

ಗೋಕಾಕದ ಬಸ್‌ ನಿಲ್ದಾಣದಲ್ಲಿ ಇಳಿದ ಅನ್ನಪೂರ್ಣಾ ದವಾಖಾನೆಯ ರಸ್ತೆಗೆ ಬೆನ್ನು ಹಾಕಿ ಹುಕ್ಕೇರಿಯ ಬಸ್ಸು ಹತ್ತಿದಳು. ಫೋನಿಲ್ಲದೆ ಅವಳು ತನ್ನ ಹೆಸರಿನಲ್ಲಿ ಒಳಗೆ ಹೋಗುವಂತಿರಲಿಲ್ಲ. ಒಳಗೆ ಬಿಡುವ ಓಟಿಪಿ ಬರುವುದೇ ಫೋನಿಗೆ. ಉಳಿದ ಸದಸ್ಯರಲ್ಲಿ ಮನೆ ಗೊತ್ತಿದ್ದದ್ದು ಸುಮಯ್ಯಾಳದೊಂದೇ. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಕೈಯ ನೋವು ಹಲ್ಲಿನ ಬುಡದವರೆಗೂ ಹೊಡೆಯುತ್ತಿತ್ತು. ನಾಳೆ ಬೆಳಿಗ್ಗೆ ಬಾಲದ ಹೊಲದವರು ಸುಮ್ಮನಿರುವುದಿಲ್ಲ. ಅಲ್ಲಿ ಲಗಮವ್ವನ ಹೊಲವಿದೆ. ಹೋದ ಸಲ ಮೇಲಿನವರು ಹಲಗೆಗೆ ಕೈ ಹಚ್ಚಿದಾಗ ಆ ಮುದುಕಿ ಕುಡುಗೋಲು ಹಿಡಿದು ಒಡ್ಡಿನ ಮೇಲೆ ಮಲಗಿದ್ದಳು. ಸಾಗರ ಫೋನು ತೋರಿಸಿ ಬಿಡಿಸಿದ್ದ. ನಾಳೆ ಫೋನೇ ಭೀಮರಾಯನ ಕಡೆ ಮಾತಾಡುತ್ತದೆ. ಮೂಡಲಗಿಯಲ್ಲಿ ಕಾದಿದ್ದ ಮಂದಿ ಯಾರೆಂದು ಅವಳಿಗೆ ಗೊತ್ತಿತ್ತು. ಅವರು ಸಲಿಕೆ ಹಿಡಿದು ಬರುವುದು ಮಣ್ಣು ಎತ್ತಲಿಕ್ಕಲ್ಲ.

ಕಿಟಕಿಗೆ ಹಣೆ ಒತ್ತಿದಳು. ಎಂಟು ದಿನ ಯಾರೂ ಮಾತಾಡದಿದ್ದರೆ ಒಪ್ಪಿದಂತೆ. ಈ ಮಾತನ್ನು ತಾನು ಎಲ್ಲಿಂದ ತಂದೆ? ಕನ್ಯೆ ನೋಡಲು ಬಂದ ದಿನ ಅವಳು ಚಾಪೆಯ ಅಂಚು ನೋಡುತ್ತ ಕೂತಿದ್ದಳು. ಹುಡುಗ ಒಪ್ಪಿಗೆಯೇ ಎಂದು ಭೀಮರಾಯನೇ ಕೇಳಿದ್ದ. ಅವಳ ಗಂಟಲಲ್ಲಿ ಏನೋ ಇತ್ತು, ಅದು ಹೂಂ ಅಲ್ಲ. ಅದು ಮಾತಾಗುವ ಮುಂಚೆಯೇ ಸೋದರಮಾವ ನಗುತ್ತ ಎಲೆ ಅಡಿಕೆ ಎತ್ತಿದ್ದ: "ಸುಮ್ಮನಿದ್ದಾಳಂದ್ರ ಒಪ್ಪಿದಂಗ ತಗೋರಿ." ಎಲ್ಲ ಹೆಣ್ಣುಮಕ್ಕಳೂ ಹಾಗೇ ಒಪ್ಪುತ್ತಾರೆ. ಅದರಲ್ಲಿ ತಪ್ಪೇನಿದೆ ಎಂದು ಅವತ್ತು ಯಾರಿಗೂ ಅನಿಸಲಿಲ್ಲ, ಅವಳಿಗೂ.

ಹುಕ್ಕೇರಿಯ ಪೇಟೆಯ ಹಿಂದಿನ ಓಣಿಯಲ್ಲಿ ಸುಮಯ್ಯಾಳ ಅಪ್ಪ ಇಮಾಮಹುಸೇನರ ಗಾದಿ ಅಂಗಡಿ. ಅರಳೆ ಹಿಂಜುವ ಯಂತ್ರ ಗರಗರ ಎನ್ನುತ್ತಿತ್ತು. ಸಣ್ಣ ಸಣ್ಣ ಎಳೆಗಳು ಗಾಳಿಯಲ್ಲಿ ತೇಲಿ, ಗೋಡೆ, ದೀಪ, ದೇವರ ಹೆಸರು ಬರೆದ ಚೌಕಟ್ಟು, ಎಲ್ಲದಕ್ಕೂ ಬಿಳಿ ಮೀಸೆ ಬರಿಸಿದ್ದವು. ಸುಮಯ್ಯಾ ಗವಸು ಹೊಲಿಯುತ್ತಿದ್ದಳು. ಅನ್ನಪೂರ್ಣಾಳನ್ನು ನೋಡಿ ಹೊಲಿಗೆ ನಿಲ್ಲಿಸಿದಳು, ಏಳಲಿಲ್ಲ.

ಅವಳ ತಾಯಿ ಚಮನಬಿ ಮಾತ್ರ ಎದ್ದು ಬಂದಳು. "ಯಾ ಅಲ್ಲಾ, ಕೈಗೆ ಏನಾತ ಬೇಟಿ?"

"ಬಾಗಲದಾಗ ಸಿಕ್ತರಿ ಚಾಚಿ."

ಚಮನಬಿ ಬಟ್ಟೆ ಸರಿಸಿ ನೋಡಿದಳು. "ಬಾಗಲದಾಗ ಸಿಕ್ಕದ್ದು ಒಂದ ಗಾಯ ಆಗತೈತಿ. ಇಲ್ಲಿ ಎರಡ ಅದಾವ." ಮತ್ತೇನೂ ಕೇಳದೆ ನೀರು ತರಲು ಒಳಗೆ ಹೋದಳು.

ಅನ್ನಪೂರ್ಣಾ ಬಂದ ಕಾರಣ ಹೇಳಿದಳು. ಸುಮಯ್ಯಾ ಕೊನೆಯವರೆಗೂ ಕೇಳಿ ದಾರವನ್ನು ಹಲ್ಲಿನಿಂದ ಕಡಿದಳು.

"ನನ್ನ ಹೆಸರ ಇನ್ನೂ ಐತೇನ ಅದ್ರಾಗ?"

"ಐತಿ. ತಗದಿಲ್ಲ."

"ತಗ್ಯಾಕೂ ಯಾರರೆ ನೋಡಬೇಕಲ್ಲ." ಸುಮಯ್ಯಾ ನಕ್ಕಳು, ಆ ನಗೆಯಲ್ಲಿ ಸೂಜಿಯಿತ್ತು. "ನಾ ಕಳಿಸಿದ್ದು ಅಷ್ಟ ದಿನ ಬಿದ್ದಿತ್ತು ಅಕ್ಕಾ. ಚಲೋ ಆಗೇತಿ ಅನ್ಲಿಲ್ಲ, ಕೆಟ್ಟಾಗೇತಿ ಅಂತರೆ ಅನ್ಲಿಲ್ಲ. ನಮ್ಮ ಅಬ್ಬಾಗ ಓದಾಕ ಬರೂದಿಲ್ಲ. ಅವರನ್ನ ಕುಂಡ್ರಿಸಿ ಅವರ ದನಿ ಹಿಡಿದಿದ್ದೆ. ದಿನಾ ಕೇಳಾವ್ರು, ನನ್ನ ದನಿ ಬಂತೇನ ಫೋನಿನ್ಯಾಗ ಅಂತ."

ಆ ತಿಂಗಳುಗಳಲ್ಲಿ ಅನ್ನಪೂರ್ಣಾಳ ಹೊಟ್ಟೆಯಲ್ಲಿ ಕೂಸಿತ್ತು. ಒಂದು ಮಧ್ಯಾಹ್ನ ಸಿದ್ರಾಯನ ಒದೆ ಬಿದ್ದು, ಆಮೇಲೆ ಕೂಸಿರಲಿಲ್ಲ. ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳಿಗೆ ಲ್ಯಾಪ್‌ಟಾಪ್ ತೆರೆಯುವುದಿರಲಿ, ಬೆಳಕು ಕಂಡರೆ ಸಿಟ್ಟು ಬರುತ್ತಿತ್ತು. ಅದು ನಾಲಿಗೆಯ ತುದಿಗೆ ಬಂತು. ಈಗ ಹೇಳಿದರೆ ಬೇಡಿದಂತಾಗುತ್ತದೆ ಎನಿಸಿ ನುಂಗಿದಳು.

"ತಪ್ಪಾತು," ಎಂದಳು.

ಸುಮಯ್ಯಾ ಅವಳನ್ನು ದಿಟ್ಟಿಸಿದಳು. ಸಿಟ್ಟು ಇಳಿದಿರಲಿಲ್ಲ, ಆದರೆ ದನಿ ತಗ್ಗಿತು. "ನೋಡ್ರಿ ಅಕ್ಕಾ. ಬ್ಯಾಡ ಅಂದವರ ಹೆಸರು ಎಲ್ಲಾರ ಫೋನಿನ್ಯಾಗೂ ಕಾಣತೈತಿ. ನಿಮ್ಮ ಭಾವ ಓದತಾರ. ಯಾರಿಕಿ ಸುಮಯ್ಯಾ, ಯಾವ ಊರಾಕಿ, ಯಾರ ಪೈಕಿ ಅಂತ ಕೇಳತಾರ. ನಿಮಗ ಬಾಗಲದಾಗ ಕೈ ಹಾಕಿದ್ರು. ನಮಗ ಕಡ್ಡಿ ಗೀರತಾರ. ಅರಳಿ ಅಂಗಡಿ ಐತಿ, ಒಂದ ಕಡ್ಡಿ ಸಾಕು."

ಯಂತ್ರದ ಹಿಂದಿನಿಂದ ಇಮಾಮಹುಸೇನ ಇತ್ತ ನೋಡುತ್ತಿದ್ದರು. ದಾರಿಯುದ್ದಕ್ಕೂ ತಾನು ಹೊತ್ತು ತಂದದ್ದೇನು ಎಂದು ಅನ್ನಪೂರ್ಣಾಗೆ ಆಗ ಕಂಡಿತು: ತನ್ನ ಮನೆಯ ಗಂಡಸರ ಸಿಟ್ಟನ್ನು ತಂದು ಈ ಹುಡುಗಿಯ ಬಾಗಿಲಲ್ಲಿ ಇಳಿಸಲು ಹೊರಟಿದ್ದಳು.

"ಖರೆ ಐತಿ," ಎಂದಳು. "ನಿನ್ನ ಹೆಸರು ಬ್ಯಾಡ. ಫೋನು ಕಳದವರಿಗೆ ಇನ್ನೊಬ್ಬ ಸದಸ್ಯರು ಹೊಸಾ ದಾರಿ ಮಾಡಿಕೊಡಬಹುದಲ್ಲ? ಅಷ್ಟ ಮಾಡು. ಬ್ಯಾಡ ಅನ್ನೂದು ನಾನ ಅಂತೀನಿ."

ಸುಮಯ್ಯಾ ಗಾದಿಗಳ ಅಟ್ಟಿಯ ಕೆಳಗಿನಿಂದ ಲ್ಯಾಪ್‌ಟಾಪ್ ಎಳೆದು, ಸೆರಗಿನಿಂದ ಅರಳೆ ಒರೆಸಿದಳು. ಹಳೆಯ ಗುಪ್ತಪದ ನೆನಪಾಗಲಿಲ್ಲ. ಎರಡು ಸಲ ತಪ್ಪಿತು, ಆಮೇಲೆ ತೆರೆಯಿತು. ಅನ್ನಪೂರ್ಣಾಳ ಹೆಸರಿಗೆ ಹೊಸ ದಾರಿ ಮಾಡುವ ಹೊತ್ತಿಗೆ ಓಣಿಯ ಬಿಸಿಲು ಎದುರಿನ ಗೋಡೆ ಏರಿತ್ತು. ಪರದೆಯ ಮೇಲೆ ವಿಶಾಲ ಕಳಿಸಿದ ಬದಲಾವಣೆ ಕಂಡಿತು. ದೊಡ್ಡದೇನಲ್ಲ, ಮೂರ್ನಾಲ್ಕು ಸಾಲು. ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಕೆಳಗೊಂದು ಖಾಲಿ ಚೌಕ: ಬೇಡ ಎನ್ನಲು ಕಾರಣ.

ಅವಳು ಎಡಗೈಯಿಂದ ಒಂದೊಂದೇ ಅಕ್ಷರ ಒತ್ತಿದಳು. 'ಕಾಲುವೆಯ ಪದ್ಧತಿಗೆ ವಿರುದ್ಧವಾಗಿದೆ.' ಓದಿದಳು. ಸರಿಯಾಗಿಯೇ ಇತ್ತು. ಆದರೆ ಆ ವಾಕ್ಯ ಯಾವುದೋ ಕಚೇರಿಯ ಗೋಡೆಯ ಮೇಲಿನದಿದ್ದಂತಿತ್ತು. ಅಳಿಸಿದಳು.

"ಹೊತ್ತಾತು ಅಕ್ಕಾ," ಎಂದಳು ಸುಮಯ್ಯಾ. "ಏನರೆ ಬರೀರಿ."

ಆಗ ಓಣಿಯಲ್ಲಿ ಮೋಟರ್ ಸೈಕಲ್ ನಿಂತಿತು. ಆ ಎಂಜಿನಿನ ಸದ್ದು ಅನ್ನಪೂರ್ಣಾಳ ಬೆನ್ನಿಗೆ ಗೊತ್ತಿತ್ತು.

ಸಿದ್ರಾಯ ಚಪ್ಪಲಿ ಕಳೆಯದೆ, ಹಿಂಜಿ ಹಾಸಿದ್ದ ಬಿಳಿ ಅರಳೆಯ ಮೇಲೆಯೇ ನಡೆದು ಬಂದ. "ಗೋಕಾಕ ದವಾಖಾನ್ಯಾಗ ಹುಡಕಿದ್ನಿ. ನಿನ್ನ ಫೋನಿನ್ಯಾಗ ಈ ಅಂಗಡಿ ಸಿಕ್ತು. ಡಾಕ್ಟರ್ ಇಲ್ಲಿ ಇದ್ದಾನೇನ? ಗಾದಿ ಹೊಲಸಾಕ ಬಂದೀ?" ಎನ್ನುತ್ತ ಅವಳ ತುರುಬಿಗೆ ಕೈ ಹಾಕಿ ಎಳೆದ. ಅವಳ ತಲೆ ಯಂತ್ರದ ಕಬ್ಬಿಣದ ಕಾಲಿಗೆ ಬಡಿಯಿತು. ಕಣ್ಣಿಗೆ ಕತ್ತಲೆ ಬಂದು ಹೋಯಿತು. ಬಿಸಿಯಾದದ್ದೊಂದು ಕಿವಿಯ ಹಿಂದೆ ಹರಿದು ಅರಳೆಗೆ ಇಳಿಯಿತು.

"ಏಯ್! ನಮ್ಮ ಅಂಗಡ್ಯಾಗ ಗಿರಾಕಿ ಮೈಮ್ಯಾಲೆ ಕೈ ಹಾಕ್ತೀಯೇನ?" ಚಮನಬಿ ಗಾದಿ ಬಡಿಯುವ ಕೋಲು ಎತ್ತಿ ಅವನ ಮೊಣಕೈಗೆ ಬಿಟ್ಟಳು. ಅವನು ಕೋಲು ಕಸಿದುಕೊಂಡು ಅವಳ ಹೊಟ್ಟೆಗೆ ಒದ್ದ. ಇಮಾಮಹುಸೇನ ಓಡಿ ಬಂದು ಅವನ ನಡು ಹಿಡಿದರು; ಮುದುಕರನ್ನು ಅವನು ಗಾದಿಯ ಅಟ್ಟಿಯ ಮೇಲೆ ಎತ್ತಿ ಒಗೆದ. ಅಟ್ಟಿ ಕುಸಿಯಿತು. ಬಿಳಿ ಧೂಳು ಎದ್ದು ಯಾರಿಗೆ ಯಾರೂ ಕಾಣದಂತಾಯಿತು.

ಸುಮಯ್ಯಾ ಲ್ಯಾಪ್‌ಟಾಪನ್ನು ಎದೆಗವಚಿ ಮೂಲೆಗೆ ಸರಿದಿದ್ದಳು.

ನೆಲದ ಮೇಲಿದ್ದ ಅನ್ನಪೂರ್ಣಾಳ ಮುರಿದ ಕೈಯ ಮೇಲೆ ಕೋಲು ಬಿತ್ತು. ಈ ಸಲ ಕೂಗು ಬಂತು. ಕೂಗಿನ ಹಿಂದೆಯೇ ಮಾತೂ ಬಂತು, ಇಷ್ಟು ಹೊತ್ತು ಹುಡುಕಿದರೂ ಸಿಗದಿದ್ದ ಮಾತು.

"ಬರಕೋ," ಎಂದಳು. "ಬಾಲದ ಹೊಲದವರನ್ನ ಕೇಳಿಲ್ಲ."

ಸಿದ್ರಾಯ ಕೋಲು ಎತ್ತಿದವನು ತಡೆದ. "ಏನಂದಿ?"

"ಒಡ್ಡಿನ ಮ್ಯಾಲೆ ಒಬ್ಬಾಂವನ ನಿಂತಾನ. ಇನ್ನೊಬ್ಬರು ಬಂದಿಲ್ಲ."

"ಯಾರಿಗೆ ಹೇಳಾಕತ್ತೀ? ತಲಿ ಕೆಟ್ಟೈತೇನ ನಿನಗ?" ಅವನು ಅವಳ ಕುತ್ತಿಗೆಗೆ ಕಾಲಿಟ್ಟ. ಅವಳು ಅವನ ಪಾದವನ್ನು ಎಡಗೈಯಿಂದ ಎತ್ತಿ ಹಿಡಿದು, ಉಸಿರು ಸಿಕ್ಕಷ್ಟರಲ್ಲಿ ಹೇಳಿದಳು: "ನನ್ನನ್ನೂ ಕೇಳಿಲ್ಲ. ನಾ ಒಪ್ಪಿಲ್ಲ. ಸುಮ್ಮನಿದ್ದೆ, ಒಪ್ಪಿರಲಿಲ್ಲ."

ಮೂಲೆಯಲ್ಲಿ ಗುಂಡಿಗಳ ಸದ್ದು ಚಟಪಟ ಕೇಳಿ ನಿಂತಿತು. "ಆತ ಅಕ್ಕಾ," ಎಂದಳು ಸುಮಯ್ಯಾ. "ಹೋತು."

ಅಷ್ಟರಲ್ಲಿ ಓಣಿಯ ಮಂದಿ ಒಳಗೆ ನುಗ್ಗಿತ್ತು. ಎದುರಿನ ಕಿರಾಣಿ ಅಂಗಡಿಯವನು, ಹಣ್ಣಿನ ಗಾಡಿಯವರು, ಟೋಪಿಯವರು, ವಿಭೂತಿಯವರು, ನಾಲ್ಕಾರು ಜನ ಸೇರಿ ಸಿದ್ರಾಯನನ್ನು ಎಳೆದು ಬಾಗಿಲಿಗೆ ತಂದರು. ಯಾರೋ ಅವನ ಬಾಯಿಗೆ ಗುದ್ದಿದರು. ಅವನು ರಕ್ತ ಉಗುಳಿ, ಹೊಸ್ತಿಲಾಚೆಯಿಂದ ಕೂಗಿದ: "ಏಳ! ನಡಿ ಮನಿಗೆ!"

"ಬರೂದಿಲ್ಲ."

"ಏನಂದಿ?"

ಅವನಿಗೆ ಕೇಳಿಸಿತ್ತು. ಆದರೂ ಅವಳು ಇನ್ನೊಮ್ಮೆ ಹೇಳಿದಳು. "ಬರೂದಿಲ್ಲ ಅಂದ್ನಿ."

ಅವನು ಅವಳನ್ನು ನೋಡಿದ ರೀತಿಯಲ್ಲಿ ಸಿಟ್ಟಿಗಿಂತ ಅಚ್ಚರಿ ಹೆಚ್ಚಿತ್ತು, ಮನೆಯ ಗೋಡೆ ಎದ್ದು ನಿಂತು ಮಾತಾಡಿದಂತೆ. ಮಂದಿ ಅವನನ್ನು ಓಣಿಯ ತುದಿಯವರೆಗೆ ನೂಕಿಕೊಂಡು ಹೋಯಿತು.

ಸುಮಯ್ಯಾ ಅವಳ ಪಕ್ಕ ಕೂತು ರಕ್ತಕ್ಕೆ ಅರಳೆ ಒತ್ತಿದಳು. ಅರಳೆಗೇನು ಬರವಿರಲಿಲ್ಲ. ಕೆಂಪಾದದ್ದನ್ನು ಎಸೆದು ಹೊಸದನ್ನು ಒತ್ತುತ್ತ, ಇನ್ನೊಂದು ಕೈಯಿಂದ ಪರದೆಯ ಮೇಲೆ ಏನೋ ಬರೆದಳು.

"ಏನ ಮಾಡಾಕತ್ತೀ?"

"ನನ್ನ ಹೆಸರ ಹಾಕಾಕತ್ತೇನಿ, ನಿಮ್ಮ ಕೆಳಗ." ಸುಮಯ್ಯಾ ಮೂಗು ಒರೆಸಿಕೊಂಡಳು. "ಹೆಂಗೂ ಅಂಗಡಿ ನೋಡಿ ಹೋಗ್ಯಾನಲ್ಲ ನಿಮ್ಮ ಯಜಮಾನ. ಇನ್ನ ಮುಚ್ಚಿಡೂದೇನೈತಿ?"

ಹೊಟ್ಟೆ ಹಿಡಿದುಕೊಂಡು ಗೋಡೆಗೊರಗಿದ್ದ ಚಮನಬಿ ಮೊದಲು ನಕ್ಕಳು, ನಕ್ಕದ್ದಕ್ಕೆ ನೋವಾಗಿ ಅತ್ತಳು.

ಮರುದಿನ ನಸುಕಿನ ಬಸ್ಸಿಗೆ ಅನ್ನಪೂರ್ಣಾ ಬಾಲದ ಹೊಲಕ್ಕೆ ಬಂದಳು. ಬೆರಳಿಗೆ ಪಟ್ಟಿ, ತಲೆಗೆ ಹೊಲಿಗೆ, ಮೈಮೇಲೆ ಸುಮಯ್ಯಾಳ ಸೀರೆ. ಹೋಗಬೇಡ ಎಂದು ಚಮನಬಿ ಎಷ್ಟೋ ಹೇಳಿದ್ದಳು. ಫೋನುಗಳಲ್ಲಿ ಹಳೆಯ ಪಾಳಿಯೇ ಉಳಿದಿತ್ತು. ಆದರೆ ವಿಶಾಲ ಅದನ್ನೇ ಇನ್ನೊಮ್ಮೆ ಕಳಿಸಬಹುದು. ಮತ್ತೆ ಎಂಟು ದಿನ ಶುರುವಾಗುತ್ತದೆ. ಅಲ್ಲದೆ ಫೋನು ಹೇಳಿದ್ದನ್ನು ಭೀಮರಾಯ ಇವತ್ತು ಕೇಳುತ್ತಾನೆಂದು ಯಾರು ಹೇಳಬೇಕು?

ಲಗಮವ್ವ ಒಡ್ಡಿನ ಮೇಲೆ ಕುಡುಗೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಮಗ ದುರ್ಗಪ್ಪ ಊರಿನ ಗಂಡಸರ ಜೊತೆ ಮೇಲೆ ಗೇಟಿನ ಕಡೆ ಹೋಗಿದ್ದ. ಮುದುಕಿ ಬಂದವಳನ್ನು ಮೇಲಿಂದ ಕೆಳಗೆ ನೋಡಿದಳು.

"ಭೀಮರಾಯನ ಮನಿ ಸೊಸಿ ಅಲ್ಲೇನ ನೀ? ಇಲ್ಲೇನ ಮಾಡಾಕ ಬಂದಿ?"

"ನಿಂದ್ರಾಕ ಬಂದೇನಿ ಆಯಿ."

"ಯಾರ ಕಡಿಂದ?"

"ನಮ್ಮ ಕಡಿಂದನ."

ಲಗಮವ್ವ ಅದನ್ನು ಅಗಿದು ನೋಡುವಂತೆ ದವಡೆ ಆಡಿಸಿದಳು. ಆಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು. ಅನ್ನಪೂರ್ಣಾ ಕೂರಲಿಲ್ಲ. ಒಣಗಿ ಬಿರಿದ ಕಾಲುವೆಯೊಳಗೆ ಇಳಿದು, ಹೊಲದ ಬಾಯಿಯಲ್ಲಿ ನಿಂತಳು. ಮೇಲಿನ ದಿಕ್ಕಿನಿಂದ ಕೂಗು ಕೇಳಿಸುತ್ತಿತ್ತು. ಒಂದು ಸಲ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು. ನಾಯಿಗಳು. ಯಾರೋ ಒಬ್ಬರದೇ ದೊಡ್ಡ ಚೀರಾಟ, ಗಂಡಸಿನದೋ ಹೆಂಗಸಿನದೋ ತಿಳಿಯುವಂತಿರಲಿಲ್ಲ. ಕಬ್ಬಿನ ಗದ್ದೆ ಅಡ್ಡವಿದ್ದುದರಿಂದ ಏನೂ ಕಾಣಿಸಲಿಲ್ಲ.

ಲಗಮವ್ವನ ಉಡಿಯಲ್ಲಿದ್ದ ಫೋನು ಗುಣುಗುಟ್ಟಿತು. ಮುದುಕಿ ಕಿವಿಗೆ ಒತ್ತಿಕೊಂಡು ಕೇಳಿದಳು. ಅವಳ ಮುಖ ಬದಲಾಗಲಿಲ್ಲ.

"ಗೇಟಿನ ಸಾಗರಗ ಹೊಡದ್ರಂತ. ತಲಿ ಒಡದೈತಂತ," ಎಂದಳು. ಸ್ವಲ್ಪ ತಡೆದು, "ಆದ್ರೂ ಗೇಟ ಎತ್ತ್ಯಾನಂತ," ಎಂದಳು.

ಬಿಸಿಲು ಕಬ್ಬಿನ ಗರಿಯ ತುದಿಗೆ ಬಂತು. ಮೊದಲು ಬಂದದ್ದು ನೀರಲ್ಲ, ಇರುವೆ. ಕಾಲುವೆಯ ಬಿರುಕುಗಳಿಂದ ಅವು ಸಾಲು ಮುರಿದು, ಬಾಯಲ್ಲಿ ಬಿಳಿಯ ತತ್ತಿ ಕಚ್ಚಿಕೊಂಡು ದಿಕ್ಕಾಪಾಲಾಗಿ ಓಡಿ ಬರುತ್ತಿದ್ದವು. ಅವುಗಳ ಹಿಂದೆ, ತಿರುವಿನಲ್ಲಿ, ಹುಲ್ಲುಕಡ್ಡಿಯನ್ನೂ ನೊರೆಯನ್ನೂ ದೂಡುತ್ತ ಕಂದು ನೀರಿನ ತೆಳುವಾದ ಅಂಚೊಂದು ಕಾಣಿಸಿತು. ಇರುವೆಗಳು ಅನ್ನಪೂರ್ಣಾಳ ಪಾದ ಹತ್ತಿದವು, ಹಿಮ್ಮಡಿ ಹತ್ತಿದವು, ಸೀರೆಯ ಅಂಚಿನೊಳಗೆ ಮೀನಖಂಡಕ್ಕೆ ಏರಿದವು. ಒಂದೆರಡು ಕಚ್ಚಿದವು. ಅವಳು ಕಾಲು ಕದಲಿಸದೆ ನಿಂತಳು, ಅವು ಹತ್ತಿ ಮುಗಿಯಲೆಂದು.